ಗರ್ಡರಿನ ಕೆಳಗಿನ ಕೌದಿ

ಗೊಳಸಂಗಿಯ ಆಚೆ, ಕಾಲುವೆಯ ಸೇತುವೆಗೆ ಬೇಕಾದ ಕಾಂಕ್ರೀಟಿನ ಗರ್ಡರುಗಳನ್ನು, ಆ ಉದ್ದನೆಯ ತೊಲೆಗಳನ್ನು, ಎರಕ ಹೊಯ್ದು ಇಡುವ ಅಂಗಳಕ್ಕೆ ಭೀಮಶ್ಯಾ ಕಾವಲುಗಾರ. ಹೆಂಡತಿ ಸಾವಿತ್ರವ್ವ ಶಿವನ ಪಾದ ಸೇರಿದ ಮೇಲೆ ಅವನಿಗೆ ಮನೆಗೆ ಹೋಗುವ ಮನಸ್ಸೇ ಆಗುತ್ತಿರಲಿಲ್ಲ. ಗರ್ಡರುಗಳ ನೆರಳಲ್ಲೇ ರೊಟ್ಟಿಯ ಗಂಟು ಬಿಚ್ಚುತ್ತಿದ್ದ, ಅಲ್ಲೇ ಮಲಗುತ್ತಿದ್ದ.

ಎರಡೂ ತುದಿಗೆ ದಿಮ್ಮಿ ಕೊಟ್ಟು ಮಲಗಿಸಿದ್ದ ಹೊಸ ಗರ್ಡರೊಂದರ ನಡು ಮೇಲಕ್ಕೆ ಬಾಗಿದ್ದು ಒಂದು ದಿನ ಅವನ ಕಣ್ಣಿಗೆ ಬಿತ್ತು. ಕೆಳಗೆ ಬರೀ ಗಾಳಿ. ಸಾವಿತ್ರವ್ವ ಕೊನೆಗಾಲದಲ್ಲಿ ನಡುನೋವಿನಿಂದ ನರಳುವಾಗ ಸೊಂಟದ ಕೆಳಗೆ ಕೌದಿ ಮಡಚಿ ಇಟ್ಟರೆ ತುಸು ಕಣ್ಣು ಮುಚ್ಚುತ್ತಿದ್ದಳು. ಅವನ ಕೈ ಯಾರನ್ನೂ ಕೇಳಲಿಲ್ಲ. ಉಳಿದ ದಿಮ್ಮಿಗಳನ್ನು ನಡುವಿಗೆ ಪೇರಿಸಿ, ಕಟ್ಟಿಗೆ ಒತ್ತಬಾರದೆಂದು ಆಕೆ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನೇ ಮಡಚಿ ಮೇಲೆ ತುರುಕಿದ.

ಆಮೇಲೆ ಮಳೆ ಬಂತು. ನೆಲ ಮೆತ್ತಗಾಗಿ ಒಂದು ತುದಿಯ ದಿಮ್ಮಿ ಕುಸಿಯಿತು. ಕ್ರೇನು ತರಿಸುವ ಮುಂಚೆ ಸುತ್ತು ಹಾಕಲು ಬಂದ ಮೇಸ್ತ್ರಿ ನಬಿಲಾಲ, "ಏನ್ ಭೀಮಶ್ಯಾಣ್ಣ, ಗರ್ಡರಿಗೂ ಬಾಣಂತನ ಮಾಡಾಕತ್ತಿಯೇನು?" ಎಂದು ನಗುತ್ತ ಬಾಗಿ ನೋಡಿದ. ಎದ್ದಾಗ ನಗುತ್ತಿರಲಿಲ್ಲ. ಇಂಡಿ ಊರಿನ ಹುಡುಗಿ, ಇಂಜಿನಿಯರ್ ಶಿವಾನಿಯನ್ನು ಕರೆದ. ತುದಿ ಕುಸಿದು ಭಾರವೆಲ್ಲ ನಡುವಿನ ದಿಮ್ಮಿಗಳ ಮೇಲೆ ಕೂತಿದ್ದರೆ ಮೇಲಿನ ಬೆನ್ನು ಒಳಗೊಳಗೇ ಬಿರಿದಿರುತ್ತದೆ, ಇದನ್ನು ಒಡೆದೇ ಹಾಕಬೇಕಾಗುತ್ತದೆ ಎಂದು ಅವರು ಮಾತಾಡಿಕೊಂಡರು. ಸಾವಿತ್ರವ್ವನ ಕೌದಿಯಿಂದ ಒಂದು ಕೆಡುಕು ಆಗಬೇಕೇ ಶಿವನೇ, ಎಂದುಕೊಂಡ ಭೀಮಶ್ಯಾ.

ಶಿವಾನಿ ಗರ್ಡರಿನ ಬೆನ್ನಿಗೆ ನೀರು ಚಿಮುಕಿಸಿ ಬಿರುಕು ಹುಡುಕಿದಳು. ಕಾಣಲಿಲ್ಲ. ಕಣ್ಣನ್ನಷ್ಟೇ ನಂಬಲಾಗದೆಂದು ಲ್ಯಾಪ್‌ಟಾಪ್ ತೆರೆದಳು. ಗರ್ಡರಿನ ಉದ್ದ, ತೂಕ, ಒಳಗಿನ ತಂತಿಗಳ ಎಳೆತ ಎಲ್ಲವೂ ಸಾಫ್ಟ್‌ವೇರಿನಲ್ಲಿ ಇದ್ದವು. ನಡುವಿಗೆ ಗಟ್ಟಿ ಆಸರೆ ಇದೆಯೆಂದು ಲೆಕ್ಕ ಮಾಡಿಸಿದಾಗ ಪರದೆಯ ಮೇಲೆ ಆ ಬೆನ್ನು ಕೆಂಪಾಯಿತು, ಬಿರಿಯುತ್ತದೆಂಬ ಗುರುತು.

ಅವಳು ಬಾಗಿ ಗರ್ಡರಿನ ಕೆಳಗೆ ಕಣ್ಣಾಡಿಸಿ, "ಕಾಕಾ, ಆ ಕೌದಿ ಜಗ್ಗಿ ನೋಡ್ರಿ" ಎಂದಳು.

"ನಡು ಬಾಗಿತ್ರಿ, ನೋವ ಆಗಬಾರದಂತ ಇಟ್ಟಿದ್ದೆ" ಎನ್ನುತ್ತ ಭೀಮಶ್ಯಾ ಮೊಣಕಾಲೂರಿ ಜಗ್ಗಿದ. ಕೌದಿ ತುಸು ಹಟ ಮಾಡಿ, ಆಮೇಲೆ ಮೆಲ್ಲಗೆ ಕೈಗೆ ಬಂತು. ಗರ್ಡರು ಇಳಿದಷ್ಟೂ ಅದು ತಗ್ಗಿಕೊಟ್ಟಿತ್ತು. ಭಾರ ತುದಿಗಳ ಮೇಲೆಯೇ ಉಳಿದಿತ್ತು. ಶಿವಾನಿ ಆ ಆಸರೆಯನ್ನು ಮೆತ್ತನೆಯದೆಂದು ತಿದ್ದಿ ಮತ್ತೆ ಲೆಕ್ಕ ಮಾಡಿಸಿದಳು. ಕೆಂಪು ಹೋಯಿತು.

"ಬರೀ ಕಟಿಗಿ ಇಟ್ಟಿದ್ರ ಇದು ಉಳೀತಿರಲಿಲ್ಲ ಕಾಕಾ. ಕೌದಿ ಉಳಿಸೇತಿ" ಎಂದಳು. "ನಡು ಬಾಗಿದ್ದು ಬ್ಯಾನಿ ಅಲ್ಲ. ಒಳಗ ತಂತಿ ಬಿಗದೇವಿ, ಅದಕ್ಕ ಹಂಗ ಐತಿ. ಮ್ಯಾಲೆ ರಸ್ತಾದ ಭಾರ ಬಿದ್ದ ಮ್ಯಾಲೆ ಸಮ ಆಗತೈತಿ."

ಭೀಮಶ್ಯಾ ಕೌದಿಯ ಮಣ್ಣು ಝಾಡಿಸುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ: "ನನ್ನಂಥಾ ಒಬ್ಬ ಮುದುಕ ಅದರ ಮ್ಯಾಲೆ ಕುಂತ್ರ, ಆ ಪೆಟಿಗ್ಯಾಗ ಕಾಣತೈತೇನ್ರಿ?"

ಶಿವಾನಿ ಅವನ ತೂಕವನ್ನೂ ಬರೆದು ನೋಡಿದಳು. "ಕೂದಲೆಳಿಯಷ್ಟೂ ಕಾಣಂಗಿಲ್ಲ ಕಾಕಾ."

"ಆಕೀನೂ ಹಂಗ ಅಂತಿದ್ದಳ್ರಿ. ನಿನ್ನ ಭಾರ ನನಗ ಗೊತ್ತಾಗಂಗಿಲ್ಲ ಅಂತ" ಎಂದು ಭೀಮಶ್ಯಾ ನಕ್ಕ. ಆಕೆ ಹೋದ ಮೇಲೆ ಅವನು ನಕ್ಕಿದ್ದನ್ನು ನಬಿಲಾಲ ನೋಡಿದ್ದು ಅದೇ ಮೊದಲು.

ಆ ದಿನ ಕಾವಲಿಗೆ ತಾನೇ ಇರುತ್ತೇನೆಂದು ನಬಿಲಾಲ ಹೇಳಿದ. ಭೀಮಶ್ಯಾ ಬೇಡವೆನ್ನಲಿಲ್ಲ. ಕೌದಿಯನ್ನು ಒಗೆಯಬೇಕಿತ್ತು, ಬಿಸಿಲಿಗೆ ಹಾಕಬೇಕಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ.