ಇನ್ನೊಂದು ಮನೆ

ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಟೆ ಕಲ್ಲು ಅಡ್ಡ ಇಟ್ಟರೆ ಅದೇ ಮನೆ. ನಮ್ಮ ಕಡೆ ಬೆಟ್ಟ ಹತ್ತುವವರು ದಾರಿಯ ಮಗ್ಗುಲಲ್ಲಿ ಹೀಗೊಂದು ಪುಟ್ಟ ಮನೆ ಕಟ್ಟಿ, ಸ್ವಂತ ಮನೆ ಆಗಲಿ ಎಂದು ಬೇಡಿಕೊಂಡು ಮುಂದೆ ಹೋಗುತ್ತಾರೆ. ಏನು ಬೇಡಿಕೊಂಡೆ ಎಂದು ಯಾರಿಗೂ ಹೇಳಬಾರದು, ಯಾರೂ ಕೇಳಲೂಬಾರದು. ಇಂಥ ಮೂರು ಕಲ್ಲುಗಳಿಂದ ನನ್ನ ಅಕ್ಕನ ಸಂಸಾರ ಮುರಿಯುವುದರಲ್ಲಿತ್ತು. ಅದೂ ನಮ್ಮ ಬೆಟ್ಟದ ಹೆಸರನ್ನೇ ಕೇಳದ, ಸಮುದ್ರದಾಚೆಯ ಒಂದು ನಗರದಲ್ಲಿ.

ಅಕ್ಕ ವನಜಾಕ್ಷಿ, ಭಾವ ತಿಪ್ಪೇರುದ್ರಪ್ಪ ಬಹಳ ವರ್ಷಗಳಿಂದ ಅಲ್ಲಿ ಬಾಡಿಗೆ ಮನೆಯಲ್ಲಿದ್ದರು. ಒಮ್ಮೆ ಬಂದು ಹೋಗು ಎಂದು ಅಕ್ಕ ಹಟ ಹಿಡಿದು ಕರೆಸಿಕೊಂಡಿದ್ದಳು. ನಾನಿನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನಿನ್ನ ಭಾವ ಇನ್ನೊಂದು ಮನೆ ಮಾಡ್ತಿದಾರೆ ಕಣೇ."

ನಮ್ಮ ಮಾತಿನಲ್ಲಿ ಇದಕ್ಕೆ ಒಂದೇ ಅರ್ಥ. ಯಾರವಳು ಎಂದು ಕೇಳಿದೆ. ಅದು ಗೊತ್ತಿದ್ದರೆ ನಿನ್ನನ್ನೇಕೆ ಕರೆಸುತ್ತಿದ್ದೆ ಎಂದಳು. ಭಾನುವಾರ ಬಂತೆಂದರೆ ಭಾವ ಪೇಟೆಯ ನಡುವಿನ ರೋಮನ್ನರ ಹಾಳೂರಿಗೆ ಹೋಗುತ್ತಾರಂತೆ. ಜೊತೆಗೆ ಹೋಗು, ಕಣ್ಣಿಗೆ ಬಿದ್ದದ್ದನ್ನು ಬಂದು ಹೇಳು, ನಿಜವಾಗಿದ್ದರೆ ನೀನು ಹೊರಡುವಾಗ ನಾನೂ ಹೊರಟೆ ಎಂದಳು. ಇನ್ನೇನು ಕೇಳಿದರೂ ಬಾಯಿ ಬಿಡಲಿಲ್ಲ.

ಅನುಮಾನಪಡಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಎಳೆದು ನೋಡುವ ಜಾತಿ ನನ್ನದು. ಭಾವನೋ ಎತ್ತರದ ದನಿಯಲ್ಲಿ ಮಾತನಾಡಿದವರಲ್ಲ. ಆದರೆ ಅಂಥವರ ಮೇಲೇ ಒಂದು ಕಣ್ಣಿಡಬೇಕು ಎನ್ನುವುದು ಮೊದಲಿನಿಂದಲೂ ನನ್ನ ಮತ. ಹಾಳೂರು ತೋರಿಸಿ ಎಂದಾಗ ಅವರು ಮರುಮಾತಿಲ್ಲದೆ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಸರಿಬರಲಿಲ್ಲ.

ಟ್ರಾಮ್ ಓಡಾಡುವ ರಸ್ತೆಯ ಪಕ್ಕದಲ್ಲಿ ಕಬ್ಬಿಣದ ಕಟಕಟೆ. ಬಗ್ಗಿ ನೋಡಿದರೆ ಕೆಳಗೆ ಮೊಣಕಾಲೆತ್ತರದ ಗೋಡೆಗಳು, ಸೂರಿಲ್ಲದ ಕೋಣೆಗಳು, ತುಳಿದು ತುಳಿದು ನಡುವೆ ಸವೆದ ಹೊಸ್ತಿಲುಗಳು. ಯಾವುದೋ ಕಾಲದಲ್ಲಿ ಅದೇ ಊರಾಗಿತ್ತು, ಈಗಿನ ಊರು ಅದರ ತಲೆಯ ಮೇಲೆ ಬಟ್ಟೆ ಅಂಗಡಿ, ಕಾಫಿ ಅಂಗಡಿ ಇಟ್ಟುಕೊಂಡು ಕೂತಿತ್ತು. ಮೆಟ್ಟಿಲಿಳಿದರೆ ಟಿಕೆಟ್ಟಿನ ಕಿಟಕಿ. ಅಲ್ಲಿದ್ದ ಹೆಂಗಸು ಭಾವನನ್ನು ಕಂಡದ್ದೇ ಮುಖ ಅರಳಿಸಿ "ರುದ್ರಾ" ಎಂದು ಕರೆದಳು. ಅಕ್ಕ ಇಷ್ಟು ವರ್ಷ ಸಂಸಾರ ಮಾಡಿಯೂ ಗಂಡನ ಹೆಸರು ಹಿಡಿದು ಕರೆದವಳಲ್ಲ. ಆ ಹೆಂಗಸು ನನ್ನ ಕಡೆ ನೋಡಿ ಅವರ ಭಾಷೆಯಲ್ಲಿ ಏನೋ ಕೇಳಿದಳು. ಭಾವ ನಕ್ಕು, ಅಲ್ಲ ಎಂದು ತಲೆ ಅಲ್ಲಾಡಿಸಿದರು. ಅವಳು ಒಳಗಿನಿಂದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದುಕೊಟ್ಟಳು, ಅದು ಭಾವನ ಕೋಟಿನ ಜೇಬು ಸೇರಿತು.

ಇವಳೇ ಅವಳು ಎಂದುಕೊಂಡೆ. ಅಲ್ಲಿಂದ ಮುಂದೆ ಸ್ನಾನದ ಮನೆ, ಒಲೆ, ಬಣ್ಣದ ಕಲ್ಲು ಕೂರಿಸಿದ ನೆಲ ಎಂದು ಭಾವ ಏನೇನೋ ತೋರಿಸಿದರು. ನನ್ನ ಕಣ್ಣು ಮಾತ್ರ ಆ ಜೇಬು ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಮೂಲೆಯ ಗೋಡೆಯೊಂದರ ಹಿಂದೆ ಅವರು ಮಂಡಿಯೂರಿ ಕೂತರು. ಓಡಾಡುವ ದಾರಿಗೆ ಹಾಸಿದ್ದ ಕಲ್ಲುಗಳಲ್ಲಿ ಎರಡನ್ನು ಆರಿಸಿ ನಿಲ್ಲಿಸಿದರು. ಪೊಟ್ಟಣ ಬಿಚ್ಚಿದರು. ಒಳಗಿದ್ದದ್ದು ಅಂಗೈಯಗಲದ ಒಂದು ಚಪ್ಪಟೆ ಕಲ್ಲು. ಅದನ್ನು ಮೇಲೆ ಅಡ್ಡ ಇಟ್ಟು, ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟರು.

ಅಕ್ಕ ಹೇಳಿದ ಇನ್ನೊಂದು ಮನೆ ಇದು. ಬೇಡಿಕೆ ಕೇಳಬಾರದು ಎಂಬುದು ಗೊತ್ತಿದ್ದೂ ಯಾರಿಗಾಗಿ ಈ ಮನೆ ಎಂದು ನೇರವಾಗಿ ಕೇಳಿಬಿಟ್ಟೆ.

"ನಂದಲ್ಲಮ್ಮ. ಇದನ್ನ ಕಟ್ಟಿದ್ದು ನಿಮ್ಮಕ್ಕ."

ಹಿಂದೊಮ್ಮೆ ಇಬ್ಬರೂ ಇಲ್ಲಿಗೆ ಬಂದಿದ್ದರಂತೆ. ಇಲ್ಲೇ ಮನೆ ಕೊಳ್ಳುವುದೋ, ಊರಿಗೆ ಹಿಂತಿರುಗುವುದೋ ಎಂಬ ಹಳೆಯ ಜಗಳ ಅವತ್ತೂ ಎದ್ದು, ಅಕ್ಕ ಸಿಟ್ಟಿನಿಂದ ಈ ಗೋಡೆಯ ಹಿಂದೆ ಬಂದು ನಿಂತಳಂತೆ. ಮುಂದಿನ ಭಾನುವಾರ ಭಾವ ಒಬ್ಬರೇ ಬಂದಾಗ ಈ ಮನೆ ಕಣ್ಣಿಗೆ ಬಿತ್ತು. ಈ ದೇಶದಲ್ಲಿ ಇನ್ನಾರಿಗೆ ಇದು ಗೊತ್ತು? ಗುಡಿಸುವವರು ಪ್ರತಿ ವಾರ ಕೆಡವುತ್ತಾರೆ, ಟಿಕೆಟ್ಟಿನ ಹೆಂಗಸು ಪಾಪ, ಮೇಲಿನ ಕಲ್ಲನ್ನು ಎತ್ತಿಡುತ್ತಾಳೆ, ಹೆಂಡತಿ ಬೇಡಿಕೊಂಡದ್ದು ಬಿದ್ದುಹೋಗಬಾರದೆಂದು ಇವರು ಬಂದು ಮತ್ತೆ ನಿಲ್ಲಿಸುತ್ತಾರೆ.

"ಕೇಳಬಾರದಲ್ಲ, ಅದಕ್ಕೇ ಕೇಳಲಿಲ್ಲ," ಎಂದರು ಭಾವ. "ಎಲ್ಲಿ ಕಟ್ಟಿಸಿದ್ರೂ ಚಿಂತಿಲ್ಲ. ಆ ಮನೇಲಿ ನಾನಿದೀನೋ ಇಲ್ವೋ, ಅದೊಂದು ಗೊತ್ತಾಗ್ಬೇಕಿತ್ತು."

ಕೇಳಿದಾಗ ನಂಬಿದೆ. ಆದರೂ ಟ್ರಾಮ್ ಹತ್ತುವ ಹೊತ್ತಿಗೆ, ಇದು ನನ್ನ ಬಾಯಿ ಮುಚ್ಚಿಸಲು ಹೆಣೆದ ಕತೆ ಇರಬಹುದೇ ಎಂಬ ಹುಳು ತಲೆಯೊಳಗೆ ಹೊಕ್ಕಿತ್ತು.

ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಕೇಳಿದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

"ನಾನಾ? ನಾನ್ಯಾವಾಗ ಕಟ್ಟಿದೆ? ಒಂದು ಭಾನುವಾರ ಹಿಂದೇನೇ ಹೋಗಿ, ಅವರು ಜೋಡಿಸ್ತಿದ್ದದ್ದನ್ನ ಮೇಲಿನ ಕಟಕಟೆಯಿಂದ ಕಣ್ಣಾರೆ ನೋಡಿದೀನಿ. ನನಗೆ ಹೇಳ್ದೆ ಮನೆ ಬೇಡ್ಕೊಳ್ಳೋರು ನಾನಿರೋ ಮನೆ ಬೇಡ್ಕೋತಾರಾ?"

ಭಾವ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನೀನಲ್ಲವಾ ಎಂದು ಅವರು, ನೀವಲ್ಲವಾ ಎಂದು ಇವಳು. ಇಬ್ಬರೂ ನಕ್ಕುಬಿಡುತ್ತಾರೆ ಎಂದು ಕಾದೆ. ನಗಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಒಬ್ಬರನ್ನೊಬ್ಬರು ಅಳೆಯುತ್ತ ನಿಂತೇ ಇದ್ದರು. ಅಷ್ಟು ದಿನ ಮನೆಯೊಳಗಿದ್ದ ಅನುಮಾನ ಹೋಗು ಎಂದ ಕೂಡಲೇ ಹೋಗುತ್ತದೆಯೇ? ಆ ಮನೆ ಮೊದಲು ಯಾರು ಕಟ್ಟಿದ್ದೆಂದು ಇವತ್ತಿಗೂ ಗೊತ್ತಿಲ್ಲ. ನಮ್ಮ ಕಡೆಯವರಾರೋ ಬಂದು ಬೇಡಿಕೊಂಡು ಹೋಗಿರಬಹುದು. ಏನೂ ಅರಿಯದ ಮಗುವೊಂದು ಆಟಕ್ಕೆ ಜೋಡಿಸಿದ್ದೂ ಇರಬಹುದು.

ಮುಂದಿನ ಭಾನುವಾರ ಮೂವರೂ ಹೋದೆವು. ಟಿಕೆಟ್ಟಿನ ಹೆಂಗಸು ಅಕ್ಕನನ್ನು ನೋಡಿ ಹಿಂದಿನ ವಾರದ ಪ್ರಶ್ನೆಯನ್ನೇ ಕೇಳಿದಳು. ಭಾವ ಈ ಸಲ ಹೌದೆಂದು ತಲೆಯಾಡಿಸಿದರು. ಅವಳು ಚಪ್ಪಟೆ ಕಲ್ಲನ್ನು ತಂದು ಅಕ್ಕನ ಕೈಗೆ ಕೊಟ್ಟಳು.

ಗೋಡೆಯ ಹಿಂದೆ ನೆಲ ಗುಡಿಸಿ ಬೋಳಾಗಿತ್ತು. ಭಾವ ಎರಡು ಕಲ್ಲು ನಿಲ್ಲಿಸಿದರು. ಅಕ್ಕ ಕಲ್ಲು ಹಿಡಿದು ನಿಂತೇ ಇದ್ದಳು.

"ಎಲ್ಲಿ ಮನೆ ಆಗ್ಲಿ ಅಂತ ಬೇಡ್ಕೋತೀರಿ?"

"ಹೇಳಬಾರದಲ್ವೇ," ಎಂದರು ಭಾವ.

"ಹೇಳ್ದೆ ಇದ್ದಿದ್ದಕ್ಕೇ ಇಷ್ಟೆಲ್ಲ ಆಯ್ತು."

ಅವರೇನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಸ್ವಭಾವಕ್ಕೆ ಅದು ಸಣ್ಣ ಕೆಲಸವೇನಲ್ಲ. ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಆಮೇಲೆ ಊರಿಗೆ ಹೊರಟಾಗಲೂ ನಾನೊಬ್ಬಳೇ ಹೊರಟೆ.

ಅವತ್ತು ಮೇಲಿನ ಕಟಕಟೆ ಹಿಡಿದು, ಹೋಗಲಿ ಒಂದು ಸಲ ಎಂದು ಬಗ್ಗಿ ನೋಡಿದೆ. ಅಕ್ಕ ಭಾವನ ಪಕ್ಕದಲ್ಲೇ ಕೂತು ಕಲ್ಲನ್ನು ಅಡ್ಡ ಇಟ್ಟಿದ್ದಳು. ಅದು ನಿಂತಿತ್ತು. ಆದರೂ ಅವಳು ಅಂಗೈಯನ್ನು ಇನ್ನೂ ಅದರ ಮೇಲಿಂದ ತೆಗೆದಿರಲಿಲ್ಲ.