ಹೀರೋನ ಬೆನ್ನು

“ಲೋ ಮುದಿ ಗೂಬೆ, ಸೋಫಾ ಗೋಡೆಗೆ ತಾಗ್ತು ಅಂದ್ರೆ ನಿನ್ ಚರ್ಮ ಸುಲೀತೀನಿ.”

ಥಿಯೇಟರ್ ಮ್ಯಾನೇಜರ್ ಹಿಂದಿನಿಂದ ಬೈಯುತ್ತಲೇ ಇದ್ದರೂ ಹಮಾಲಿ ಮುದುಕ ಸೋಫಾ ಹೊತ್ತು ಮೆಟ್ಟಿಲು ಹತ್ತುತ್ತಲೇ ಇದ್ದ. ಇದು ಆರನೆಯದು, ಕೊನೆಯದು. ಇಷ್ಟೂ ಬಾಲ್ಕನಿ ಸೇರಿದರೆ ಕೂಲಿಯ ಬದಲು ಎರಡು ಸೀಟು ಕೊಡುವುದಾಗಿ ಮ್ಯಾನೇಜರನೇ ಬಾಯಿಬಿಟ್ಟು ಹೇಳಿದ್ದ. ಮುದುಕನ ಹೆಂಡತಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು, ಇವತ್ತು ಇಲ್ಲಿ ಮತ್ತೆ ಹಾಕುತ್ತಿದ್ದ ಆ ಹಳೇ ಸಿನಿಮಾ ಒಮ್ಮೆ ನೋಡಲೇಬೇಕೆಂದು ಹಟ ಹಿಡಿದಿದ್ದಳು.

ಯಾಕೆ ಹಿಡಿಯಬಾರದು? ಹಮಾಲಿಯೊಬ್ಬ ಸಾಹುಕಾರನ ಮಗಳ ಮನಸ್ಸು ಗೆಲ್ಲುವ ಚಿತ್ರ ಅದು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅದರಲ್ಲಿ ಮುಖ ಹೀರೋನದು. ಬರಿಮೈಯಲ್ಲಿ ಮೂಟೆ ಹೊತ್ತ ಬೆನ್ನು ಇವನದು. ಆ ಮಹಾಶಯನಿಗೆ ಅರ್ಧ ಮೂಟೆಯೂ ಎತ್ತಲಾಗಿರಲಿಲ್ಲ. ಇವನ ಎಡ ಹೆಗಲ ಕೆಳಗೆ, ಜೊತೆಗಾರನ ಮೂಟೆಕೊಕ್ಕೆ ಜಾರಿ ಸೀಳಿದ ಉದ್ದನೆಯ ಕಲೆಯಿತ್ತು. ಹೊಂದಿಕೆಯಾಗಲೆಂದು ಮೇಕಪ್ಪಿನವನು ಅಂಥದ್ದೇ ಕಲೆಯನ್ನು ಹೀರೋನ ನುಣ್ಣನೆ ಬೆನ್ನಿಗೆ ಬಣ್ಣದಲ್ಲಿ ಬರೆದ. ಹೀರೋಯಿನ್ ಅದನ್ನು ಸವರಿದಾಗ ಊರಿಗೆ ಊರೇ ಶಿಳ್ಳೆ ಹೊಡೆಯಿತು. ನಿಜವಾದ ಗಾಯಕ್ಕೆ ತಿಂಗಳುಗಟ್ಟಲೆ ಎಣ್ಣೆ ಸವರಿದವಳು ಮಾತ್ರ ಮಕ್ಕಳು, ಮರಿ, ಒಲೆ ಅಂತ ಮನೆಯಲ್ಲೇ ಉಳಿದಳು.

ಆಟ ಶುರುವಾಗುವ ಹೊತ್ತಿಗೆ ಹೆಂಡತಿಯ ಕೈ ಹಿಡಿದು ಬಾಗಿಲಿಗೆ ಬಂದರೆ, ಮ್ಯಾನೇಜರ್ ಮೂಗು ಮುಚ್ಚಿಕೊಂಡ. ಒಳಗೆ ದೊಡ್ಡವರಿದ್ದಾರೆ, ಈ ಬೆವರು ನಾತಕ್ಕೆ ಎದ್ದು ಹೋಗುತ್ತಾರೆ ಎಂದ.

“ಸೀಟು ಕೊಡ್ತೀನಿ ಅಂದಿದ್ರಲ್ಲ ಸಾರ್. ಇವಳಿಗೊಂದು ಕೊಡಿ ಸಾಕು, ನಾನು ನಿಂತ್ಕೋತೀನಿ.”

“ಹೀರೋ ಬೆನ್ನು ನಂದೇ ಅಂತ ಡಂಗುರ ಹೊಡೀತಿರೋ ಬೋಳಿಮಗ ನೀನೇ ತಾನೆ? ಅಂಗಿ ಬಿಚ್ಚಿ ತೋರ್ಸು ಹೋಗು, ಪುಕ್ಕಟೆ ನೋಡ್ತಾಳೆ.”

ಬಾಗಿಲಲ್ಲಿದ್ದವರೆಲ್ಲ ನಕ್ಕರು. ಮುದುಕಿ ಅವನ ತೋಳು ಜಗ್ಗಿ, ಹೋಗೋಣ ಎಂದಳು. ಮುದುಕನಿಗೆ ಮೈಯೆಲ್ಲ ಉರಿದುಹೋಯಿತು. ಹಾಳಾಗಿ ಹೋಗಲಿ ಎಂದು ಅಲ್ಲೇ ಗೋಡೆಗೊರಗಿ ಕಾದ. ಒಳಗಿನಿಂದ ಚಿತ್ರದ ಮಂಡಿಪೇಟೆಯ ಗದ್ದಲ ಕೇಳಿಸಿತು. ಕಲೆ ಸವರುವ ದೃಶ್ಯ ಅದಾದ ಮೇಲೆಯೇ ಎಂಬುದು ಅವನಿಗೆ ಗೊತ್ತಿತ್ತು. ಮ್ಯಾನೇಜರನನ್ನು ಪಕ್ಕಕ್ಕೆ ತಳ್ಳಿ, ಹೆಂಡತಿಯನ್ನು ಎಳೆದುಕೊಂಡೇ ಸೀಟುಗಳ ನಡುವೆ ನಡೆದ. ಅವಳನ್ನು ಪರದೆಯ ಮುಂದಿನ ಕಟ್ಟೆಗೆ ಹತ್ತಿಸಿ, ತಾನೂ ಹತ್ತಿ, ಅಂಗಿ ಬಿಚ್ಚಿ ಜನರಿಗೆ ಬೆನ್ನು ಮಾಡಿ ನಿಂತ.

ಪರದೆಯ ಮೇಲೆ ಹೀರೋಯಿನ್ನಿನ ಬೆರಳು ಬಣ್ಣದ ಕಲೆಯತ್ತ ಸರಿಯಿತು. ಪ್ರೊಜೆಕ್ಟರಿನ ಬೆಳಕು ಮುದುಕನ ಬಾಗಿದ ಬೆನ್ನ ಮೇಲೂ ಬಿತ್ತು. ಶಿಳ್ಳೆಗಳು ನಿಂತುಹೋದವು. ಹೆಂಡತಿ ತೀರಾ ಹತ್ತಿರ ಮುಖ ತಂದು ಪರದೆಯನ್ನೂ ಅವನನ್ನೂ ನೋಡಿದಳು.

“ಕಾಣ್ತಿದೆ ಕಣಯ್ಯಾ. ತಿರುಗ್ಬೇಡ.”

ಅಟ್ಟಿಸಿಕೊಂಡು ಬಂದ ಥಿಯೇಟರ್ ಕಾವಲುಗಾರನ ದೊಣ್ಣೆಯ ಮೊದಲ ಏಟು ಆ ಕಲೆಯ ಮೇಲೇ ಬಿತ್ತು. ಮುದುಕ ತಿರುಗಲಿಲ್ಲ.