ಅರವತ್ತಮೂರನೇ ಪುಟ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಎನ್ಯೊನಾಮ್ ಹೊಸ ಕಂಪ್ಯೂಟರ್ ಕೊಳ್ಳಲು ಅಕ್ರಾ ನಗರದ ಸರ್ಕಲ್ ಪೇಟೆಯಲ್ಲಿರುವ ಲಾಂಟೆಯ ಅಂಗಡಿಗೆ ಹೋದಳು. ಮನೆಯಲ್ಲಿದ್ದ ಹಳೆಯದರ ಮೆಮೊರಿ ಎರಡು ಜಿಬಿ. ಶನಿವಾರದ ಶವಸಂಸ್ಕಾರಕ್ಕೆ ಬಂದವರಿಗೆ ಹಂಚಲು ಅರವತ್ತನಾಲ್ಕು ಪುಟಗಳ ಪುಸ್ತಿಕೆ ಬೇಕಾಗಿತ್ತು. ಅದರ ಪುಟಗಳನ್ನು ಜೋಡಿಸಿ ಕಟ್ಟುವಾಗ ಆ ಯಂತ್ರ ಒಂಬತ್ತು ಸಲ ನಿಂತುಹೋಗಿತ್ತು. ಮುದ್ರಣಾಲಯದವರು ಕೊಟ್ಟ ಗಡುವು ಬುಧವಾರ ಮಧ್ಯಾಹ್ನ ಹನ್ನೆರಡು.

ಅವಳಿಗೆ ಐವತ್ತೆರಡು ವರ್ಷ. ಹತ್ತೊಂಬತ್ತು ವರ್ಷ ಒಂದು ಪತ್ರಿಕೆಯಲ್ಲಿ ಪುಟ ಕಟ್ಟಿದ್ದಳು. ಪತ್ರಿಕೆ ಮುಚ್ಚಿದ ಮೇಲೆ ಅದೇ ಊರಿನ ಮದೀನಾ ಬಡಾವಣೆಯ ತನ್ನ ಎರಡು ಕೋಣೆಯ ಮನೆಯಲ್ಲಿ ಕೂತು ಸತ್ತವರ ಪುಸ್ತಿಕೆಗಳನ್ನು ಮಾಡುತ್ತಿದ್ದಳು. ಸತ್ತವರ ಫೋಟೊಗಳು, ಜೀವನಚರಿತ್ರೆ, ಕೀರ್ತನೆಗಳು, ಆಮೇಲೆ ಹೆಂಡತಿಯ ಮಾತು, ಮಕ್ಕಳ ಮಾತು, ಒಡಹುಟ್ಟಿದವರದು, ಬೀಗರದು, ಚರ್ಚಿನದು. ಯಾರದು ಮೊದಲು, ಯಾರದು ಆಮೇಲೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು.

ಈ ಸಲದ ಪುಸ್ತಿಕೆ ಯಾವೊ ಅಗ್ಬೆಕೊನದು. ಅದೇ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವನು. ಅವನಿಗೆ ಹೆಂಡತಿ ಇದ್ದಳು, ಮೂವರು ಮಕ್ಕಳಿದ್ದರು. ಆದರೂ ಹನ್ನೊಂದು ವರ್ಷ, ಪ್ರತಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕಕ್ಕೆ ಅವನು ಎನ್ಯೊನಾಮ್‌ಳ ಮನೆಗೆ ಬರುತ್ತಿದ್ದ. ಅವಳ ಮನೆತನದ ಹಿರಿಯರ ಬಾಗಿಲಿಗೆ ಮಾತ್ರ ಹೆಣ್ಣು ಕೇಳಲು ಒಯ್ಯುವ ಮದ್ಯದ ಬಾಟಲಿಗಳನ್ನು ಹಿಡಿದು ಅವನು ಒಮ್ಮೆಯೂ ಹೋಗಲಿಲ್ಲ. ಬಾಟಲಿ ಹೋಗದ ಮೇಲೆ ಹನ್ನೊಂದು ವರ್ಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವನ ಅಕ್ಕ ಡೆಲಾಲಿ ಫೋಟೊಗಳ ಚೀಲ ಹಿಡಿದು ಬಂದದ್ದು, ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಮಾಡುವುದಿಲ್ಲ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ. ಡೆಲಾಲಿ ಏನೂ ಕೇಳಲಿಲ್ಲ. ಎನ್ಯೊನಾಮ್ ಏನೂ ಹೇಳಲಿಲ್ಲ.

ಆದರೆ ಅವಳೂ ಒಂದು ಪುಟ ಬರೆದಿದ್ದಳು. ಮುನ್ನೂರ ಹತ್ತು ಪದ, ಫೋಟೊ ಇಲ್ಲ. ತಲೆಬರಹ, 'ಗೆಳತಿಯ ಮಾತು'. ಅದನ್ನು ಪುಸ್ತಿಕೆಯೊಳಕ್ಕೆ ತರಲೆಂದು ಎರಡನ್ನೂ ಒಟ್ಟಿಗೆ ತೆರೆದಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು. ಸೇರಿಸಬೇಕೋ ಬೇಡವೋ ಎಂಬ ಯೋಚನೆಯೂ ಅಲ್ಲಿಗೇ ನಿಲ್ಲುತ್ತಿತ್ತು.

"ಏನಾಂಟಿ, ಮುಖ ಹೀಗ್ಯಾಕೆ? ಯಾರಾದ್ರೂ ತೀರಿಕೊಂಡ್ರಾ?" ಎಂದ ಲಾಂಟೆ.

"ಯಾರೂ ಸಾಯ್ದೇ ಇದ್ರೆ ನನ್ನ ಊಟ ಎಲ್ಲಿಂದ ಬರತ್ತಪ್ಪಾ? ಹದಿನಾರು ಜಿಬಿದೊಂದು ತೆಗಿ."

"ಹದಿನಾರಾ! ಸಿನಿಮಾ ಗಿನಿಮಾ ತೆಗೀತೀರಾ? ಮೊದ್ಲು ಪೆನ್ ಡ್ರೈವ್ ಕೊಡಿ."

ಲಾಂಟೆಯ ಪದ್ಧತಿಯೇ ಅದು. ಗಿರಾಕಿ ತನ್ನ ಕೆಲಸವನ್ನು ಅಂಗಡಿಯ ಮೇಜಿನ ಮೇಲೆ ತೆರೆದು ತೋರಿಸುವವರೆಗೆ ಅವನು ಇಷ್ಟು ಜಿಬಿ ಬೇಕೆಂದು ಬಾಯಿ ಬಿಡುವುದಿಲ್ಲ. ಯೂರೋಪಿನಿಂದ ಬಂದ ಹಳೆಯ ಯಂತ್ರಗಳನ್ನು ಸಾಲಾಗಿ ಇಟ್ಟಿದ್ದ. ಮೊದಲು ನಾಲ್ಕು ಜಿಬಿಯದರಲ್ಲಿ ಪುಸ್ತಿಕೆ ತೆರೆದ. ಅದು ತೆರೆಯಿತು, ಆದರೆ ಮೆಮೊರಿಯ ಅಳತೆ ಶೇಕಡ ತೊಂಬತ್ತಾರಕ್ಕೆ ಏರಿ ನಿಂತಿತು. ಎಂಟು ಜಿಬಿಯದರಲ್ಲಿ ಎಪ್ಪತ್ತು ದಾಟಲಿಲ್ಲ. ಪರದೆಯ ತುಂಬ ಬಿಳಿ ಬಟ್ಟೆ ಹೊದ್ದ ಯಾವೊ.

"ಒಳ್ಳೇ ನಗು. ಯಾರಿವ್ರು?"

"ಗಿರಾಕಿ."

"ಎಂಟು ಸಾಕು. ಆದ್ರೆ ಇದೊಂದೇನಾ? ಜೊತೆಗೆ ಬೇರೆ ಏನಾದ್ರೂ ತೆಗೀತೀರಾ?"

ಅವಳು ಚೀಲದಲ್ಲಿ ದುಡ್ಡು ಹುಡುಕತೊಡಗಿದಳು.

"ಹೇಳಿ ಆಂಟಿ. ಡಾಕ್ಟ್ರ ಹತ್ರ, ನನ್ನ ಹತ್ರ ಮುಚ್ಚಿಡಬಾರದು."

"ಇನ್ನೊಂದಿದೆ. ಸಣ್ಣದು."

ಅದನ್ನೂ ತೆರೆದ. ಎಪ್ಪತ್ತು ಎಪ್ಪತ್ತೊಂದಾಯಿತು. ಅವನು ಓದಲಿಲ್ಲ. ಗಿರಾಕಿಯ ಕಾಗದ ಓದುವುದು ಅವನ ಅಭ್ಯಾಸವಲ್ಲ. ನೋಡಿದ್ದು ಅಂಕಿಯನ್ನು ಮಾತ್ರ.

"ಇದಕ್ಕೇನಾ ಇಷ್ಟು ಹೆದರಿದ್ದು? ಬರೀ ಅಕ್ಷರ. ತೂಕಾನೇ ಇಲ್ಲ. ಎರಡೂ ಒಟ್ಟಿಗೆ ಇಟ್ಕೊಳಿ, ಏನೂ ಆಗಲ್ಲ."

ಅವಳು ಎರಡು ಯಂತ್ರಗಳನ್ನೂ ನೋಡಿದಳು. "ನಾಲ್ಕೇ ಸಾಕೇನೋ," ಎಂದಳು.

"ಅಯ್ಯೋ ದೇವ್ರೇ! ಈಗ ತಾನೇ ಹದಿನಾರು ಅಂದ್ರಿ. ನಾಲ್ಕರಲ್ಲಿ ದೊಡ್ಡದೊಂದೇ ಏದುಸಿರು ಬಿಡ್ತಾ ಇದೆ, ಎರಡೂ ತೆಗೆದ್ರೆ ಮಲಗಿಬಿಡತ್ತೆ. ಆಮೇಲೆ ಬಂದು ನನ್ನ ತಲೆ ತಿಂತೀರಿ."

ಮಲಗಿಬಿಟ್ಟರೆ ಒಳ್ಳೆಯದೆಂದು ಅನ್ನಿಸಿದ್ದನ್ನು ಅವಳು ಅವನಿಗೆ ಹೇಳುವಂತಿರಲಿಲ್ಲ. ನಾಳೆ ಹನ್ನೆರಡರ ಗಡುವು ನೆನೆದು ಎಂಟು ಜಿಬಿಯದನ್ನು ಕಟ್ಟಿಸಿಕೊಂಡಳು.

ಸಂಜೆ ನಾಲ್ಕಕ್ಕೆ ಯಂತ್ರ ಮೇಜಿನ ಮೇಲಿತ್ತು. ಗೇಟಿನ ಸದ್ದಾಗುವ ಹೊತ್ತು ಅದು. ಅವಳು ಬಾಗಿಲಿಗೆ ಬೆನ್ನು ಮಾಡಿ ಕೂತಳು.

ಹನ್ನೆರಡನೇ ಪುಟದಲ್ಲಿ ಹೆಂಡತಿಯ ಮಾತಿತ್ತು. 'ವೈದ್ಯರು ಹೇಳಿದಂದಿನಿಂದ ಅವರು ಸಕ್ಕರೆಯನ್ನು ಮುಟ್ಟಲಿಲ್ಲ.' ಎನ್ಯೊನಾಮ್‌ಳ ಮನೆಯಲ್ಲಿ ಅವನು ಚಹಾಕ್ಕೆ ಮೂರು ಚಮಚ ಹಾಕಿಕೊಳ್ಳುತ್ತಿದ್ದ. ಪುಟ ಕಟ್ಟುವವರು ಅಕ್ಷರ ತಿದ್ದಬಹುದು, ಬರೆದವರ ಸಂಗತಿಯನ್ನು ತಿದ್ದಬಾರದು ಎಂದು ಕಲಿಸಿದವನೂ ಅವನೇ. ಅವಳು ಒಂದು ಅಲ್ಪವಿರಾಮ ಸರಿಪಡಿಸಿ ಮುಂದೆ ಹೋದಳು.

ಎಲ್ಲರ ಮಾತೂ ಅರವತ್ತೆರಡನೇ ಪುಟಕ್ಕೆ ಮುಗಿಯಿತು. ಅರವತ್ತನಾಲ್ಕು ಹಿಂದಿನ ರಕ್ಷಾಪುಟ, ಕುಟುಂಬದವರ ಕೃತಜ್ಞತೆ. ಮಡಚಿ ಪಿನ್ನು ಹೊಡೆಯುವ ಪುಸ್ತಿಕೆಗೆ ಪುಟಗಳು ನಾಲ್ಕು ನಾಲ್ಕಾಗಿಯೇ ಇರಬೇಕು. ಅರವತ್ತಮೂರು ಖಾಲಿ ಉಳಿಯಿತು. ಅವಳು ಡೆಲಾಲಿಗೆ ಫೋನ್ ಮಾಡಿದಳು.

"ಅಕ್ಕಾ, ಒಂದು ಪುಟ ಖಾಲಿ ಇದೆ. ಬರೆಯೋರು ಯಾರಾದ್ರೂ ಉಳಿದಿದಾರಾ?"

"ಎಲ್ಲಾರ್ದೂ ಬಂತಲ್ಲ ತಂಗಿ. ಬೀಗರದ್ದಂತೂ ನಾಲ್ಕು ಪುಟ! ಬದುಕಿದ್ದಾಗ ನಾಲ್ಕು ಮಾತಾಡ್ಲಿಲ್ಲ ಅವ್ರು."

"ಸ್ನೇಹಿತರು ಯಾರಾದ್ರೂ..."

"ಅವನಿಗೆಲ್ಲಿ ಸ್ನೇಹಿತರು? ವಾರಕ್ಕೆರಡು ದಿನ ಯಾರ ಜೊತೆನೋ ಪಟದ ಮೇಲೆ ಕಾಯಿ ನಡೆಸೋ ಆಟ ಆಡೋಕೆ ಹೋಗ್ತಿದ್ನಂತೆ, ಅವನ ಹೆಂಡ್ತಿ ಹೇಳಿದ್ಲು. ಆ ಆಟದ ಪುಣ್ಯಾತ್ಮ ಸಾವಿನ ಮನೆಗೂ ತಲೆ ಹಾಕ್ಲಿಲ್ಲ ನೋಡು. ನೀವೆಲ್ಲಾ ಒಂದೇ ಆಫೀಸಲ್ಲಿದ್ರಿ. ನಿಂಗೇನಾದ್ರೂ ಗೊತ್ತಾ ಯಾರು ಅಂತ?"

"ಇಲ್ಲ ಅಕ್ಕ."

"ಹೋಗ್ಲಿ ಬಿಡು. ನಿಂಗೆ ಸರಿ ಕಂಡಿದ್ದು ಹಾಕು."

ಫೋನ್ ಇಟ್ಟು ಅವಳು ಎರಡನ್ನೂ ಒಟ್ಟಿಗೆ ತೆರೆದಳು. ಕೈ ತೆಗೆದು ಕಾದಳು. ಯಂತ್ರ ನಿಲ್ಲಲಿಲ್ಲ. ತನ್ನ ಮಾತನ್ನು ಅರವತ್ತಮೂರಕ್ಕೆ ತಂದಳು. ಒಂದು ಸಾಲೂ ಕಡಿಮೆ ಮಾಡಬೇಕಾಗಲಿಲ್ಲ, ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಕರಡು ತಿದ್ದುವಾಗ ಯಾವೊ ಮಾಡುತ್ತಿದ್ದ ಹಾಗೆ ಪೆನ್ನಿನ ತುದಿಯನ್ನು ಸಾಲಿನ ಕೆಳಗೆ ಸರಿಸುತ್ತ ಓದಿದಳು. ಒಂದು ತಪ್ಪು ಸಿಕ್ಕಿತು. ತಿದ್ದಿದಳು.

ಶನಿವಾರ ಯಾವೊನ ಹುಟ್ಟೂರು ಕೇಟಾದಲ್ಲಿ ಆರುನೂರು ಜನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಈ ಪುಟಗಳನ್ನು ತಿರುಗಿಸುತ್ತಾರೆ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಇರುತ್ತಾಳೆ. ಅರವತ್ತಮೂರಕ್ಕೆ ಬಂದವರು ಒಬ್ಬೊಬ್ಬರಾಗಿ ತಲೆ ಎತ್ತಿ ಆ ಹೆಂಗಸಿನ ಬೆನ್ನನ್ನು ನೋಡುತ್ತಾರೆ. ಸಕ್ಕರೆ ಮುಟ್ಟಲಿಲ್ಲ ಎಂದು ನಂಬಿ ಬರೆದವಳ ಬೆನ್ನು ಅದು.

ಎನ್ಯೊನಾಮ್ ಪುಟವನ್ನು ಹೊರತೆಗೆದಳು. ಆ ಜಾಗಕ್ಕೆ ಒಂದು ಕೀರ್ತನೆ ಹಾಕಿದಳು. ರಕ್ಷಾಪುಟದ ಅಡಿಯಲ್ಲಿ, ಅವಳ ಎಲ್ಲ ಪುಸ್ತಿಕೆಗಳಲ್ಲೂ ಇರುವ ಸಾಲು ಇತ್ತು: 'ಪುಟವಿನ್ಯಾಸ: ಎನ್ಯೊನಾಮ್, ಮದೀನಾ', ಪಕ್ಕದಲ್ಲಿ ಫೋನ್ ಸಂಖ್ಯೆ. ಅತಿ ಸಣ್ಣ ಅಕ್ಷರ. ಅದನ್ನು ಅಷ್ಟಕ್ಕೇ ಬಿಟ್ಟಳು.

ಬುಧವಾರ ಹನ್ನೊಂದು ನಲವತ್ತಕ್ಕೆ ಪುಸ್ತಿಕೆ ಮುದ್ರಣಾಲಯ ಸೇರಿತು. ಶನಿವಾರ ಅವಳು ಕೇಟಾಗೆ ಹೋಗಲಿಲ್ಲ. ಸೋಮವಾರ ಒಂಬತ್ತರ ಸುಮಾರಿಗೆ, ಆ ಸಣ್ಣ ಅಕ್ಷರದ ಸಂಖ್ಯೆ ನೋಡಿ ಇಬ್ಬರು ಫೋನ್ ಮಾಡಿದರು. ಒಬ್ಬರ ತಾಯಿ ತೀರಿಕೊಂಡಿದ್ದರು, ಇನ್ನೊಬ್ಬರ ಮಾವ. ಮಾವನದು ನಲವತ್ತೆಂಟು ಪುಟ. ಎಂಟು ಜಿಬಿ ಸಾಕಾಯಿತು.